ಸಂಜೆಗೆ ಮನೆ, ಮೂಳೆಗೆ ಆರು ವಾರ: ಹೆಬ್ಬೆರಳ ಗಂಟಿನ ಸರ್ಜರಿ ಸಾಗಿಬಂದ ದಾರಿ

ಹೆಬ್ಬೆರಳ ಬುಡದಲ್ಲಿ ಗಂಟೆದ್ದು, ಬೆರಳು ಪಕ್ಕದ ಬೆರಳಿನ ಕಡೆ ವಾಲಿದವರು ಸರ್ಜರಿಯ ಬಗ್ಗೆ ವಿಚಾರಿಸಿದರೆ ಎರಡು ಮಾತು ಜೊತೆಜೊತೆಗೇ ಕಿವಿಗೆ ಬೀಳುತ್ತವೆ. ಒಂದು, ‘ಡೇ ಕೇರ್, ಸಂಜೆಗೆ ಮನೆಗೆ ಹೋಗಬಹುದು’. ಇನ್ನೊಂದು, ‘ಕೀಹೋಲ್, ಸಣ್ಣ ತೂತು ಅಷ್ಟೆ’. ಕೇಳಿಸಿಕೊಂಡವರು ಎರಡನ್ನೂ ಒಂದೇ ಎಂದುಕೊಂಡು, ‘ಹಾಗಾದರೆ ಬೇಗ ವಾಸಿ’ ಎಂಬ ಮೂರನೆಯದನ್ನು ತಾವೇ ಸೇರಿಸಿಕೊಳ್ಳುತ್ತಾರೆ. ನಿಜದಲ್ಲಿ ಮೊದಲೆರಡು ಹುಟ್ಟಿದ ಕಾಲವೂ ಬೇರೆ, ಕಾರಣವೂ ಬೇರೆ. ಮೂರನೆಯದು ಇನ್ನೂ ಹುಟ್ಟಿಯೇ ಇಲ್ಲ.

ಬನಿಯನ್ ಎನ್ನುವ ಈ ಗಂಟು ಹೊಸದಾಗಿ ಬೆಳೆದ ಮೂಳೆ ಎಂದು ಬಹಳ ಜನ ತಿಳಿದಿದ್ದಾರೆ. ಬಹುಪಾಲು ಅದು ಇದ್ದ ಮೂಳೆಯೇ. ಪಾದದ ಮೊದಲನೆಯ ಉದ್ದ ಮೂಳೆ ಒಳಬದಿಗೆ, ಅಂದರೆ ಇನ್ನೊಂದು ಪಾದದ ಕಡೆಗೆ ಸರಿದು, ಬೆರಳು ಎದುರು ದಿಕ್ಕಿಗೆ ವಾಲಿದಾಗ ನಡುವಿನ ಕೀಲು ಹೊರಗೆ ಎದ್ದು ಕಾಣುತ್ತದೆ. ವಂಶದ ಪಾಲೂ ಇದೆ, ಪಾದರಕ್ಷೆಯ ಪಾಲೂ ಇದೆ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಸಿಕ್ಕ ಅಸ್ಥಿಪಂಜರಗಳ ಅಧ್ಯಯನವೊಂದು 2021ರಲ್ಲಿ ಬಂತು. 11ರಿಂದ 13ನೇ ಶತಮಾನದವರಲ್ಲಿ ಶೇ. 6ರಷ್ಟಿದ್ದ ಈ ತೊಂದರೆ, ಚೂಪು ಮೂತಿಯ ಬೂಟು ಫ್ಯಾಷನ್ನಾದ 14, 15ನೇ ಶತಮಾನದವರಲ್ಲಿ ಶೇ. 27ಕ್ಕೆ ಏರಿತ್ತು. ಹಾಂಗ್‌ಕಾಂಗ್‌ನಲ್ಲಿ 1958ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಶೂ ಹಾಕುವವರಲ್ಲಿ ಶೇ. 33, ಬರಿಗಾಲಲ್ಲಿ ನಡೆಯುವವರಲ್ಲಿ ಸುಮಾರು ಶೇ. 2.

ಕತ್ತಿಯ ಇತಿಹಾಸವನ್ನು ಚಿಕ್ಕದಾಗಿ ಹೇಳಿಬಿಡಬಹುದು. 1881ರಲ್ಲಿ ಸರ್ಜನ್ ರೆವೆರ್ಡಿನ್ ಮೂಳೆಯಿಂದ ಬೆಣೆಯಾಕಾರದ ತುಂಡು ತೆಗೆದು ಬೆರಳು ನೆಟ್ಟಗೆ ಮಾಡಿದರು. 1904ರಲ್ಲಿ ಕೆಲ್ಲರ್ ಕೀಲಿನ ಒಂದು ಭಾಗವನ್ನೇ ತೆಗೆದರು, 1928ರಲ್ಲಿ ಮ್ಯಾಕ್‌ಬ್ರೈಡ್ ಸ್ನಾಯುರಜ್ಜು ಬಿಡಿಸಿದರು, 1934ರಲ್ಲಿ ಲ್ಯಾಪಿಡಸ್ ಬುಡದ ಕೀಲನ್ನು ಬೆಸೆದರು. 1981ರ ಹೊತ್ತಿಗೆ ಮೂಳೆಯನ್ನು V ಆಕಾರದಲ್ಲಿ ಕತ್ತರಿಸಿ ಸರಿಸುವ ‘ಶೆವ್ರಾನ್’ ಬಂತು. ಈವರೆಗೆ ವರ್ಣಿಸಲಾದ ವಿಧಾನಗಳು ನೂರಕ್ಕೂ ಹೆಚ್ಚು. ಎಲ್ಲ ಪಾದಕ್ಕೂ ಒಗ್ಗುವುದು ಒಂದಾದರೂ ಸಿಕ್ಕಿದ್ದರೆ ಪಟ್ಟಿ ಇಷ್ಟುದ್ದ ಬೆಳೆಯುತ್ತಿರಲಿಲ್ಲ.

ಇವೆಲ್ಲದರಿಂದ ಬೇರೆಯಾಗಿಯೇ ‘ಅಂದೇ ಮನೆಗೆ’ ಎಂಬುದು ಬೆಳೆಯಿತು. ಗ್ಲಾಸ್ಗೋದ ಸರ್ಜನ್ ಜೇಮ್ಸ್ ನಿಕೋಲ್ 8,988 ಮಕ್ಕಳ ಸರ್ಜರಿಗಳನ್ನು ವಾರ್ಡಿಗೆ ಸೇರಿಸದೆ ನಡೆಸಿದ ಲೆಕ್ಕವನ್ನು 1909ರಲ್ಲೇ ಪ್ರಕಟಿಸಿದ್ದರು. ಹೆಚ್ಚು ಜನ ಕಿವಿಗೊಡಲಿಲ್ಲ. 1970ರಲ್ಲಿ ಅಮೆರಿಕದ ಫೀನಿಕ್ಸ್‌ನಲ್ಲಿ ಇಬ್ಬರು ಅರಿವಳಿಕೆ ತಜ್ಞರು ಸ್ವತಂತ್ರ ಡೇ ಕೇರ್ ಸರ್ಜರಿ ಕೇಂದ್ರ ತೆರೆದರು. 1982ರಲ್ಲಿ ಅಲ್ಲಿನ ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಇಂಥ ಕೇಂದ್ರಗಳಿಗೆ ಹಣ ಕೊಡಲು ಒಪ್ಪಿದ ಮೇಲೆ ಗಾಡಿ ವೇಗ ಪಡೆಯಿತು. ಪಾದಕ್ಕಂತೂ ಈ ಏರ್ಪಾಡು ಹೇಳಿ ಮಾಡಿಸಿದಂತಿತ್ತು. ಪಾದದ ಗಿಣ್ಣಿನ ಸುತ್ತ ಹಾಯುವ ಐದು ನರಗಳಿಗೆ ಮದ್ದು ಕೊಟ್ಟರೆ ಪಾದ ಪೂರ್ತಿ ಜೋಮು ಹಿಡಿಯುತ್ತದೆ, ಮೈಮರೆಸಬೇಕಿಲ್ಲ. ಬ್ಯುಪಿವಕೇನ್‌ನಂಥ ಮದ್ದಿನ ಪ್ರಭಾವ ಹಲವು ಗಂಟೆ ಉಳಿಯುತ್ತದೆ. ಅಂದರೆ ನಿಜವಾದ ನೋವು ಶುರುವಾಗುವುದು ಮನೆ ಸೇರಿದ ಮೇಲೆ, ಸಾಮಾನ್ಯವಾಗಿ ರಾತ್ರಿಯಲ್ಲಿ. ಈ ಜೋಮು (ಬ್ಲಾಕ್) ಇಳಿಯುವ ಮೊದಲೇ ನೋವಿನ ಮಾತ್ರೆ ತೆಗೆದುಕೊಳ್ಳಿ ಎಂದು ಒತ್ತಿ ಹೇಳುವುದು ಅದಕ್ಕೇ.

ಇನ್ನು ಸಣ್ಣ ತೂತಿನ ಕಥೆ. ಇದು ಸ್ವಲ್ಪ ನಿಂತು ನೋಡುವಂಥದ್ದು. ಅಮೆರಿಕದ ಪಾದಚಿಕಿತ್ಸಕರು 1940ರ ದಶಕದಲ್ಲೇ ಚರ್ಮವನ್ನು ಅಗಲ ಸೀಳದೆ, ಉಜ್ಜುವ ಉಪಕರಣ ತೂರಿಸಿ ಮೂಳೆ ಸವೆಸುವುದನ್ನು ಶುರುಮಾಡಿದ್ದರು. ಮುಂದೆ ಕ್ಲಿನಿಕ್ಕುಗಳಲ್ಲೂ ಅದು ಹಬ್ಬಿತು. ಆದರೆ ಒಳಗೆ ಏನಾಗುತ್ತಿದೆ ಎಂದು ಆ ಕ್ಷಣದಲ್ಲೇ ತೋರಿಸುವ ಎಕ್ಸ್‌ರೇ ಎಲ್ಲರ ಬಳಿಯೂ ಇರಲಿಲ್ಲ. ಕತ್ತರಿಸಿದ ಮೂಳೆಯನ್ನು ಹಿಡಿದಿಡಲು ಸ್ಕ್ರೂ ಇಲ್ಲ, ಬಿಗಿಯಾದ ಬ್ಯಾಂಡೇಜೇ ಆಧಾರ. ಮೂಳೆ ಜಾರುವುದು, ಬೆರಳು ಗಿಡ್ಡವಾಗುವುದು, ಕೀಲು ಪೆಡಸಾಗುವುದು ಕಂಡಾಗ ವಿಧಾನಕ್ಕೇ ಕೆಟ್ಟ ಹೆಸರು ಬಂತು. 1990ರ ಸುಮಾರಿಗೆ ಯುರೋಪಿನಲ್ಲಿ ತಂತಿ ಹಾಕಿ ಹಿಡಿದಿಡುವ ಎರಡನೇ ಸುತ್ತು ನಡೆಯಿತು. ಚಿಕಿತ್ಸೆಗಳನ್ನು ತೂಗಿನೋಡಿ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2010ರಲ್ಲಿ, ಇದರ ಪುರಾವೆ ಇನ್ನೂ ಸಾಲದು, ಎಚ್ಚರಿಕೆ ಇರಲಿ ಎಂದಿತು. ಅದೇ ಹೊತ್ತಿಗೆ ಫ್ರಾನ್ಸ್ ಮತ್ತು ಬ್ರಿಟನ್ನಿನಲ್ಲಿ ಮೂರನೇ ಪೀಳಿಗೆ ರೂಪುಗೊಳ್ಳುತ್ತಿತ್ತು: ಶೆವ್ರಾನ್ ಕತ್ತರಿಕೆಯನ್ನೇ ತೂತಿನ ಮೂಲಕ ಮಾಡಿ, ಎಕ್ಸ್‌ರೇಯಲ್ಲಿ ನೋಡುತ್ತಾ ಸ್ಕ್ರೂ ಬಿಗಿಯುವುದು. ಮೂಳೆ ಕೊರೆಯುವ ಬರ್ ನಿಧಾನಕ್ಕೆ ತಿರುಗುತ್ತದೆ. ಬಿಸಿಗೆ ಮೂಳೆ ಸುಟ್ಟರೆ ಕೂಡಿಕೊಳ್ಳುವುದಿಲ್ಲವಾದ್ದರಿಂದ ನೀರು ಹಾಯಿಸುತ್ತಲೇ ಇರಬೇಕು.

ಫಲ? ಹೋಲಿಕೆ ಪ್ರಯೋಗಗಳಲ್ಲಿ ಮೊದಲ ಕೆಲವು ವಾರ ನೋವು ಕಡಿಮೆ ಕಂಡದ್ದುಂಟು, ಗಾಯದ ಗುರುತಂತೂ ಚಿಕ್ಕದು. ತಿಂಗಳುಗಳು ಕಳೆದ ಮೇಲೆ ತೆರೆದ ಸರ್ಜರಿಗೂ ಇದಕ್ಕೂ ಅಂತರ ತೀರಾ ಕಡಿಮೆ. ಚರ್ಮದ ಮೇಲಿನ ತೂತು ಎಷ್ಟೇ ಸಣ್ಣದಿರಲಿ, ಒಳಗೆ ಮೂಳೆ ಪೂರ್ತಿ ತುಂಡಾಗಿರುತ್ತದೆ. ಅದು ಕೂಡಲು ಆರರಿಂದ ಎಂಟು ವಾರ ಬೇಕು, ಬಾವು ತಿಂಗಳುಗಟ್ಟಲೆ ಉಳಿಯುತ್ತದೆ. ಕೆಲವರಿಗೆ ವರ್ಷವೂ ಹಿಡಿದೀತು. ಕೆಲವರಲ್ಲಿ ಬೆರಳು ಮತ್ತೆ ವಾಲುತ್ತದೆ. ಬಾಗಿದ ಚಿಕ್ಕ ಬೆರಳು, ಅಂದರೆ ಹ್ಯಾಮರ್ ಟೋ, ಸರಿಪಡಿಸಿಕೊಂಡವರೂ ಅಂದೇ ಮನೆಗೆ ಬರುತ್ತಾರೆ. ಆದರೆ ಬೆರಳ ತುದಿಯಿಂದ ಚಾಚಿಕೊಂಡ ತಂತಿ ನಾಲ್ಕಾರು ವಾರ ಜೊತೆಗಿರುತ್ತದೆ. ಮಾತುಕತೆಯಲ್ಲಿ ಈ ತಂತಿಯ ವಿಷಯ ಕೊನೆಗೆ ಬರುವುದೇ ಹೆಚ್ಚು.

ಹಾಗೆಂದು ಸರ್ಜರಿ ವ್ಯರ್ಥವಲ್ಲ. ಫಿನ್ಲೆಂಡಿನಲ್ಲಿ 209 ಜನರ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವರ್ಷದ ಕೊನೆಗೆ ಶೂ ಒಳಗಿಡುವ ಆಧಾರಕ್ಕಿಂತ ಸರ್ಜರಿಯೇ ಮೇಲೆನಿಸಿತು. ಅವರೆಲ್ಲ ನೋವಿದ್ದವರು. ನೋವಿಲ್ಲದ ಗಂಟನ್ನು ನೋಟಕ್ಕಾಗಿ ಕತ್ತರಿಸಬೇಡಿ ಎಂದು ಪಾದದ ಮೂಳೆತಜ್ಞರ ಸಂಘಗಳೇ ಹೇಳುತ್ತವೆ. ರಕ್ತ ಸಂಚಾರ ಕುಗ್ಗಿದವರಿಗೆ, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರಿಗೆ ಗಾಯ ಮಾಯುವುದೇ ದೊಡ್ಡ ಪ್ರಶ್ನೆ. ಸರ್ಜರಿಯ ರಾತ್ರಿ ಮನೆಯಲ್ಲಿ ಜೊತೆಗೆ ಯಾರೂ ಇಲ್ಲದವರನ್ನು ಡೇ ಕೇರ್ ಕೇಂದ್ರಗಳು ಸಾಮಾನ್ಯವಾಗಿ ಒಪ್ಪಿಕೊಳ್ಳುವುದಿಲ್ಲ.