ಯುರೋಪಿನವರು ಚಂದ್ರನಿಗೆ ಹೋಗುವುದು ಯಾವಾಗ?

ಪ್ರಶ್ನೆ: ಚಂದ್ರನಿಗೆ ಮನುಷ್ಯರನ್ನು ಕಳಿಸುವ ವಿಷಯ ಬಂದರೆ ಅಮೆರಿಕ, ಚೀನಾ ಹೆಸರಷ್ಟೇ ಕೇಳುತ್ತೇವೆ. ಅಷ್ಟು ದುಡ್ಡು, ಅಷ್ಟು ವಿಜ್ಞಾನಿಗಳಿರುವ ಯುರೋಪಿನವರು ಹೋಗುವುದಿಲ್ಲವೇ?

ಹೋಗುತ್ತಾರೆ, ಆದರೆ ತಮ್ಮದೇ ನೌಕೆಯಲ್ಲಿ ಅಲ್ಲ. ಮನುಷ್ಯರನ್ನು ಹೊತ್ತೊಯ್ಯುವ ಸ್ವಂತ ನೌಕೆ ಯುರೋಪಿಗೆ ಇವತ್ತಿಗೂ ಇಲ್ಲ. ಹರ್ಮೆಸ್ ಎಂಬ ಪುಟ್ಟ ನೌಕೆ ಕಟ್ಟಲು ಹೊರಟವರು 1992ರಲ್ಲಿ ಅದನ್ನು ಕೈಬಿಟ್ಟರು. 1983ರಲ್ಲಿ ಜರ್ಮನಿಯ ಉಲ್ಫ್ ಮೆರ್ಬೋಲ್ಡ್ ಅಮೆರಿಕದ ಶಟಲ್ ಏರಿದಂದಿನಿಂದ ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ಗಗನಯಾತ್ರಿಗಳು ಅಮೆರಿಕದ ಇಲ್ಲವೇ ರಷ್ಯಾದ ನೌಕೆಗಳಲ್ಲೇ ಹೋಗಿಬಂದಿದ್ದಾರೆ. ನಮ್ಮ ಇಸ್ರೋ ಗಗನಯಾನಕ್ಕಾಗಿ ಕಟ್ಟುತ್ತಿರುವಂಥ ನೌಕೆ ಅವರ ಬಳಿ ಇಲ್ಲ ಎಂದರೆ ಅನೇಕರು ನಂಬುವುದಿಲ್ಲ.

ಹಾಗಾದರೆ ಸೀಟು ಸಿಗುವುದು ಹೇಗೆ? ಟಿಕೆಟ್ ಕೊಂಡಲ್ಲ, ಸಾಮಾನು ಕೊಟ್ಟು. ಮನುಷ್ಯರನ್ನು ಚಂದ್ರನತ್ತ ಒಯ್ಯಲೆಂದು ಕಟ್ಟಿರುವ ನಾಸಾದ ಓರಾಯನ್ ನೌಕೆಯಲ್ಲಿ ಯಾತ್ರಿಗಳು ಕೂರುವ ಕೋಣೆ ಅಮೆರಿಕದ್ದು. ಅದರ ಹಿಂದೆ ಅಂಟಿಕೊಂಡಿರುವ ಸರ್ವಿಸ್ ಮಾಡ್ಯೂಲ್ ಯುರೋಪಿನದು. ಜರ್ಮನಿಯ ಬ್ರೆಮೆನ್ ನಗರದಲ್ಲಿ ಏರ್‌ಬಸ್ ಕಂಪನಿ ಅದನ್ನು ಜೋಡಿಸುತ್ತದೆ. ಅದರಲ್ಲಿ 33 ಎಂಜಿನ್‌ಗಳಿವೆ, ನಾಲ್ಕು ಸೌರ ರೆಕ್ಕೆಗಳಿವೆ. ಕುಡಿಯುವ ನೀರು, ಉಸಿರಾಡುವ ಆಮ್ಲಜನಕ, ವಿದ್ಯುತ್ತು ಎಲ್ಲವೂ ಅಲ್ಲಿಂದಲೇ. 2022ರಲ್ಲಿ ಆರ್ಟೆಮಿಸ್-1 ಎಂಬ ಯಾನದಲ್ಲಿ ಓರಾಯನ್ ಯಾತ್ರಿಗಳಿಲ್ಲದೆ ಚಂದ್ರನನ್ನು ಸುತ್ತಿ ಬಂದದ್ದು ಇದರ ಬಲದಿಂದಲೇ. ಭೂಮಿಗೆ ಮರಳುವಾಗ ಈ ಭಾಗ ಕಳಚಿಕೊಂಡು ವಾತಾವರಣದಲ್ಲಿ ಉರಿದುಹೋಗುತ್ತದೆ. ಅಂದರೆ ಪ್ರತಿ ಯಾನಕ್ಕೂ ಹೊಸದೊಂದು ಬೇಕು. ಯುರೋಪಿನ ಕೈ ಗಟ್ಟಿಯಾಗಿರುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ಈ ಕೊಡುಗೆಗೂ ಗೇಟ್‌ವೇ ಎಂಬ, ನಾಸಾ ಯೋಜಿಸಿದ್ದ ಬಾಹ್ಯಾಕಾಶ ನಿಲ್ದಾಣಕ್ಕೆ ಒದಗಿಸುವ ಭಾಗಗಳಿಗೂ ಬದಲಾಗಿ ಮೂರು ಸೀಟು ಸಿಗುವುದೆಂದು ಒಪ್ಪಂದವಾಯಿತು. 2025ರ ನವೆಂಬರ್‌ನಲ್ಲಿ ಅದೇ ಬ್ರೆಮೆನ್‌ನಲ್ಲಿ ಸದಸ್ಯ ದೇಶಗಳ ಸಚಿವರು ಸೇರಿದ್ದಾಗ, ಮೊದಲು ಹೋಗುವವರು ಜರ್ಮನಿ, ಫ್ರಾನ್ಸ್, ಇಟಲಿಯವರು, ಅದರಲ್ಲೂ ಜರ್ಮನಿಗೇ ಮೊದಲ ಸರದಿ ಎಂದು ಸಂಸ್ಥೆಯ ಮುಖ್ಯಸ್ಥ ಜೋಸೆಫ್ ಆಶ್‌ಬಾಖರ್ ಹೇಳಿದರು.

ತೊಡಕು ಇರುವುದು ಮುಂದೆ. ಆ ಮೂರು ಸೀಟು ಚಂದ್ರನ ಸುತ್ತ ತಿರುಗಬೇಕಿದ್ದ ಗೇಟ್‌ವೇವರೆಗಿನವು, ನೆಲದವರೆಗಿನವಲ್ಲ. ಬಸ್ಸು ಊರಾಚೆಯ ಕ್ರಾಸಿನಲ್ಲೇ ಇಳಿಸಿಹೋದಂತೆ! ಸಾಲದ್ದಕ್ಕೆ, ಗೇಟ್‌ವೇಯನ್ನೇ ಕೈಬಿಡುವ ಪ್ರಸ್ತಾಪ 2025ರಲ್ಲಿ ಶ್ವೇತಭವನದ ಬಜೆಟ್‌ನಲ್ಲಿ ಬಂತು. ಬೇರೆಯವರ ವಾಹನ ನೆಚ್ಚಿಕೊಂಡವರಿಗೆ ಈ ಆತಂಕ ತಪ್ಪಿದ್ದಲ್ಲ.

ಅದಕ್ಕೇ ಅವರು ಆರ್ಗೊನಾಟ್ ಎಂಬ ಲ್ಯಾಂಡರ್ ಕಟ್ಟುತ್ತಿದ್ದಾರೆ. ಅದು ಮನುಷ್ಯರನ್ನಲ್ಲ, ಸುಮಾರು ಒಂದೂವರೆ ಟನ್ ಸರಕನ್ನು ಚಂದ್ರನ ಮೇಲಿಳಿಸುವ ವಾಹನ. ತಮ್ಮದೇ ಏರಿಯಾನ್-6 ರಾಕೆಟ್‌ನಲ್ಲಿ 2031ಕ್ಕೆ ಹಾರಿಸುವ ಗುರಿಯಿದೆ. ಚಂದ್ರನಲ್ಲಿ ಬಿಡಾರ ಹೂಡುವವರಿಗೆ ಆಹಾರ, ನೀರು, ಉಪಕರಣ ತಲುಪಿಸಬಲ್ಲವರಿಗೆ ನೆಲಕ್ಕಿಳಿಯುವ ಸೀಟು ಕೇಳುವ ಹಕ್ಕೂ ಬರುತ್ತದೆ. ನನ್ನ ಅಂದಾಜಿನಲ್ಲಿ ಯುರೋಪಿನ ಹೆಜ್ಜೆ ಬೀಳುವುದಾದರೆ 2030ರ ದಶಕದಲ್ಲಿ, ಅದೂ ಇಂಥದೇ ಇನ್ನೊಂದು ಕೊಡುಕೊಳ್ಳುವಿಕೆಯಿಂದ.

ತಾಲೀಮು ಮಾತ್ರ ನಿಂತಿಲ್ಲ. ಜರ್ಮನಿಯ ಕಲೋನ್‌ನಲ್ಲಿ 2024ರಲ್ಲಿ ಲೂನಾ ಎಂಬ ಸಭಾಂಗಣದಂಥ ಕಟ್ಟಡ ತೆರೆದಿದೆ. 700 ಚದರ ಮೀಟರ್ ನೆಲದ ತುಂಬ ಜ್ವಾಲಾಮುಖಿ ಕಲ್ಲಿನ ಪುಡಿ ಹರಡಿ, ಚಂದ್ರನ ದಕ್ಷಿಣ ಧ್ರುವದಲ್ಲಿ ಬೀಳುವಂಥ ಓರೆ ಬಿಸಿಲನ್ನು ದೀಪದಿಂದ ಮೂಡಿಸಿದ್ದಾರೆ. ಆ ಉದ್ದುದ್ದ ನೆರಳುಗಳ ನಡುವೆ, ಸ್ಪೇಸ್‌ಸೂಟ್ ತೊಟ್ಟು ಕಲ್ಲು ಆಯುವುದನ್ನು ಅಲ್ಲಿ ಕಲಿಯಬಹುದು.