ಹಿಮದ ಮೇಲೆ ನೀಲಿ ನೆರಳು

ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೊನೆಯ ‘ಮ್ಯಾಗ್‌ಪೈ’ (ಕಪ್ಪು ಬಿಳುಪಿನ ಒಂದು ಹಕ್ಕಿ) ಚಿತ್ರದಲ್ಲಿ ಹಕ್ಕಿ ಇರುವುದು ಎಡಗಡೆ, ಚಿಕ್ಕದಾಗಿ. ಬೇಲಿಯ ನಡುವೆ ಏಣಿಯಂಥ ಮರದ ಗೇಟು, ನೋಡಿದರೆ ಮಲೆನಾಡಿನ ಉಣುಗೋಲು ನೆನಪಾಗುತ್ತದೆ, ಅದರ ಮೇಲೆ ಸುಮ್ನೆ ಕೂತಿದೆ. ಉಳಿದದ್ದೆಲ್ಲ ಹಿಮ. ಆ ಹಿಮದ ಮೇಲೆ ಬೇಲಿಯ ನೆರಳು ಬಿದ್ದಿದೆ. ನೆರಳು ಕಪ್ಪಲ್ಲ, ನೀಲಿ.

ಇದು 1868-69ರ ಚಳಿಗಾಲದ ಚಿತ್ರ. ಮೊನೆಗೆ ಆಗ 28 ವರ್ಷ. ಕೈಯಲ್ಲಿ ಕಾಸಿಲ್ಲ, ಮಗ ಇನ್ನೂ ಕೂಸು. ಗೋದಿಬೇರ್ ಎಂಬ ಸಿರಿವಂತರು ನೆರವಾಗಿದ್ದರಿಂದ ನಾರ್ಮಂಡಿ ಕರಾವಳಿಯ ಎತ್ರೆತಾದಲ್ಲಿ ಒಂದು ಬಾಡಿಗೆ ಮನೆ ಸಿಕ್ಕಿತ್ತು. ಮೊನೆ ಚಳಿಗೆ ಹೆದರಿ ಒಳಗೆ ಕೂರುವವರಲ್ಲ. ಅದಕ್ಕೂ ಮೊದಲೇ ಒಬ್ಬ ಪತ್ರಕರ್ತರು ಇವರನ್ನು ಹಿಮದ ನಡುವೆ ಕಂಡಿದ್ದರು: ಮೂರು ಕೋಟು, ಕೈಗೆ ಗ್ಲೌಸು, ಪಕ್ಕದಲ್ಲಿ ಕಾಲು ಕಾಯಿಸಿಕೊಳ್ಳಲು ಕೆಂಡದ ಪೆಟ್ಟಿಗೆ, ಮುಖ ಅರ್ಧ ಮರಗಟ್ಟಿತ್ತು.

ಬಯಲಲ್ಲಿ ನಿಂತವರಿಗೆ ಮಾತ್ರ ಈ ನೀಲಿ ಕಾಣುತ್ತದೆ. ಬಿಸಿಲು ಬಿದ್ದ ಕಡೆ ಹಿಮಕ್ಕೆ ತುಸು ಹಳದಿ ಛಾಯೆ. ಬಿಸಿಲು ಮರೆಯಾದ ಕಡೆ ಬೆಳಕು ಬರುವುದು ಆಕಾಶದಿಂದ ಅಲ್ವಾ, ಹಾಗಾಗಿ ಅಲ್ಲಿ ನೀಲಿ. ಆದರೆ ಸ್ಟುಡಿಯೋದಲ್ಲಿ ಕಲಿತವರಿಗೆ ನೆರಳು ಎಂದರೆ ಕಂದು, ಇಲ್ಲವೇ ಕಪ್ಪು. 1869ರಲ್ಲಿ ಪ್ಯಾರಿಸ್‌ನ ಸಲೂನ್, ಅಂದರೆ ಸರ್ಕಾರದ ಮನ್ನಣೆ ಇದ್ದ ದೊಡ್ಡ ಪ್ರದರ್ಶನ, ಈ ಚಿತ್ರವನ್ನು ಒಳಗೇ ಬಿಡಲಿಲ್ಲ. ಸಂಸಾರ ನಡೆಸಲು ಚಿತ್ರ ಮಾರಲೇಬೇಕಾಗಿದ್ದವರಿಗೆ ಅದು ದೊಡ್ಡ ಪೆಟ್ಟು.

ನೆರಳಿನ ಜಗಳ ಅಲ್ಲಿಗೆ ಮುಗಿಯಲಿಲ್ಲ. 1874ರಲ್ಲಿ ಮೊನೆ ಮತ್ತು ಗೆಳೆಯರು ಸಲೂನಿನ ಗೊಡವೆ ಬಿಟ್ಟು ತಾವೇ ಪ್ರದರ್ಶನ ಇಟ್ಟರು. ಅದರಲ್ಲಿ ಕಾಮಿಲ್ ಪಿಸ್ಸಾರೋ ಅವರ ‘ಇಬ್ಬನಿ’ ಚಿತ್ರವೂ ಇತ್ತು. ಹೆಪ್ಪುಗಟ್ಟಿದ ಇಬ್ಬನಿ ಕವಿದ ಹೊಲ, ಸೌದೆ ಹೊತ್ತು ನಡೆಯುವ ರೈತ, ಉಳುಮೆಯ ಸಾಲುಗಳ ಮೇಲೆ ಉದ್ದುದ್ದ ನೆರಳು. ಆ ನೆರಳಿನ ಮರಗಳೇ ಚಿತ್ರದಲ್ಲಿಲ್ಲ! ಇವರ ಪರ ಇದ್ದ ವಿಮರ್ಶಕ ಕಸ್ತಾನ್ಯಾರಿ ಕೂಡ ಇದನ್ನು ದೊಡ್ಡ ತಪ್ಪು ಎಂದರು. ಇನ್ನೊಬ್ಬ ವಿಮರ್ಶಕ ಲೂಯಿ ಲೆರುವಾ ಅಂತೂ ಕೊಳಕು ಕ್ಯಾನ್ವಾಸಿಗೆ ಬಣ್ಣ ಕಲಸುವ ಹಲಗೆ ಕೆರೆದು ಮೆತ್ತಿದ್ದಾರೆ ಎಂದು ಹಂಗಿಸಿದರು. ನನಗೆ ಆ ಚಿತ್ರದಲ್ಲಿ ಜಾಸ್ತಿ ಇಷ್ಟವಾಗುವುದೇ ಆ ನೆರಳು. ಮರ ನಮ್ಮ ಬೆನ್ನ ಹಿಂದೆಯೇ ಇದೆ ಅನಿಸುತ್ತದೆ.

‘ಮ್ಯಾಗ್‌ಪೈ’ ಫ್ರಾನ್ಸಿನ ಸರ್ಕಾರಿ ಸಂಗ್ರಹಕ್ಕೆ ಬಂದದ್ದು 1984ರಲ್ಲಿ, ಸಲೂನ್ ಬೇಡ ಎಂದ 115 ವರ್ಷಗಳ ಮೇಲೆ. ಈಗ ಎರಡು ಚಿತ್ರಗಳೂ ಪ್ಯಾರಿಸ್‌ನ ಓರ್ಸೆ ಮ್ಯೂಸಿಯಮ್ಮಿನಲ್ಲಿವೆ.