ಎಂಟು ಕೋರ್ ಉಂಟು, ದುಡಿಯುವುದು ಎಷ್ಟು?

ಮಂಗಳೂರಿನ ಹಂಪನಕಟ್ಟೆ ಕಡೆ ಕಂಪ್ಯೂಟರ್ ಕೊಳ್ಳಲು ಹೋದರೆ ಸಾಮಾನ್ಯವಾಗಿ ಕೇಳುವ ಮಾತು: "ಎಂಟು ಕೋರ್ ಉಂಟು ಮಾರಾಯ್ರೆ, ಭಾರೀ ಸ್ಪೀಡ್." ಕೋರ್ ಎಂದರೆ ಚಿಪ್‌ನೊಳಗೆ ಲೆಕ್ಕ ಮಾಡುವ ಒಂದೊಂದು ಘಟಕ. ಸರಿ, ಮನೆಗೆ ತಂದು ಹಳೆಯ ಲೆಕ್ಕಪತ್ರದ ಪ್ರೋಗ್ರಾಂ ಓಡಿಸಿ. ಅದು ಒದ್ದಾಡುವಾಗ ಯಂತ್ರ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದರೆ ಸಿಪಿಯು (ಅಂದರೆ ಆ ಚಿಪ್) ಬಳಕೆ ಶೇ. 12ರ ಆಸುಪಾಸು. ಒಂದು ಕೋರ್ ಬೆವರುತ್ತಿದೆ, ಉಳಿದ ಏಳು ಹೆಚ್ಚುಕಡಿಮೆ ಸುಮ್ನೆ ಕೂತಿವೆ.

ಮೊದಲು ಹೀಗಿರಲಿಲ್ಲ. ಹೊಸ ಚಿಪ್ ಬಂದರೆ ಹಳೆಯ ಪ್ರೋಗ್ರಾಂ ತಾನಾಗಿಯೇ ವೇಗವಾಗುತ್ತಿತ್ತು. 2004ರಲ್ಲಿ ಚಿಪ್ ಕಂಪೆನಿ ಇಂಟೆಲ್ ತನ್ನ 4 ಗಿಗಾಹರ್ಟ್ಸ್ ಪೆಂಟಿಯಂ 4 ಯೋಜನೆಯನ್ನೇ ಕೈಬಿಟ್ಟಿತು. ಬಿಸಿ ತಡೆಯುವುದೇ ಕಷ್ಟವಾಗಿತ್ತು. ಆಮೇಲೆ ಚಿಪ್‌ನ ಗಡಿಯಾರದ (ಅದರ ಕೆಲಸಕ್ಕೆ ತಾಳ ಹಾಕುವ ಬಡಿತದ) ವೇಗದ ಬದಲು ಕೋರ್‌ಗಳು ಹೆಚ್ಚಿದವು. ಆದರೆ ಕೆಲಸ ಹಂಚುವುದು ಪ್ರೋಗ್ರಾಂ ಬರೆಯುವವರ ತಲೆನೋವು. ಹಂಚಿದರೂ ಮಿತಿ ಇದೆ. ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲಿ ಮುಂದಿಟ್ಟ ವಾದದ ಪ್ರಕಾರ, ಕೆಲಸದ ಹತ್ತನೇ ಒಂದು ಭಾಗ ಹಂಚಲಾಗದಿದ್ದರೆ ಸಾವಿರ ಕೋರ್ ಹಾಕಿದರೂ ವೇಗ ಹತ್ತು ಪಟ್ಟು ದಾಟದು. ಅಂಗಡಿಯಲ್ಲಿ ಇದನ್ನು ಯಾರು ಹೇಳುತ್ತಾರೆ ಬಿಡಿ.

ನನಗೆ ಜಾಸ್ತಿ ಮಜಾ ಅನಿಸುವುದು ಬೇರೆ ಸಂಗತಿ. ಬೆವರುತ್ತಿರುವ ಆ ಒಂದು ಕೋರ್ ಕೂಡ ಬಹಳ ಹೊತ್ತು ಬರೀ ಕಾಯುತ್ತಿರಬಹುದು! 3 ಗಿಗಾಹರ್ಟ್ಸ್ ಚಿಪ್‌ನ ಗಡಿಯಾರ ಸೆಕೆಂಡಿಗೆ 300 ಕೋಟಿ ಸಲ ಬಡಿಯುತ್ತದೆ. ರ‍್ಯಾಮ್‌ನಿಂದ (ಚಿಪ್‌ನ ಹೊರಗಿನ ಮೆಮೊರಿಯಿಂದ) ಒಂದು ಅಂಕಿ ಬರಲು ಸುಮಾರು 100 ನ್ಯಾನೋಸೆಕೆಂಡ್, ಅಂದರೆ 300 ಬಡಿತ. ಉಡುಪಿಯ ಹೋಟೆಲಿನಲ್ಲಿ ಕಾವಲಿ ಕಾದಿದೆ, ಭಟ್ಟರ ಕೈ ಚುರುಕಾಗಿದೆ, ಆದರೆ ಒಂದೊಂದು ಸೌಟು ಹಿಟ್ಟೂ ಹಿಂದಿನ ಓಣಿಯಿಂದ ಬರಬೇಕು. ಒಂದು ಬಡಿತವನ್ನು ಒಂದು ಸೆಕೆಂಡ್ ಎಂದುಕೊಂಡರೆ ಪ್ರತಿ ಸೌಟಿಗೆ ಐದು ನಿಮಿಷ! ಅದಕ್ಕೇ ಕಾವಲಿ ಪಕ್ಕದಲ್ಲೇ ಒಂದು ಪಾತ್ರೆ ಹಿಟ್ಟು ಬೇಕು; ಆ ಪಾತ್ರೆಯೇ ಕ್ಯಾಶ್, ಚಿಪ್‌ನೊಳಗಿನ ಪುಟ್ಟ, ಚುರುಕಿನ ಮೆಮೊರಿ.

ರ‍್ಯಾಮ್ ಒಂದೇ ಅಂಕಿ ಕಳಿಸುವುದಿಲ್ಲ. ಅಕ್ಕಪಕ್ಕದ್ದೂ ಸೇರಿ ಸಾಮಾನ್ಯವಾಗಿ 64 ಬೈಟ್ ಬಂದು ಕ್ಯಾಶ್‌ನಲ್ಲಿ ಕೂರುತ್ತದೆ. ಸಾಲುಸಾಲಾಗಿ ಜೋಡಿಸಿಟ್ಟ ದೊಡ್ಡ ಕೋಷ್ಟಕವನ್ನು ಸಾಲಿನಂತೆ ಕೂಡಿದರೆ ಬಂದದ್ದೆಲ್ಲ ಬಳಕೆಯಾಗುತ್ತದೆ. ಕಂಬಸಾಲಿನಂತೆ ಕೂಡಿದರೆ ಒಂದು ಅಂಕಿಯ 8 ಬೈಟ್ ಬಳಸಿ ಉಳಿದದ್ದು ದಂಡ. ಉತ್ತರ ಒಂದೇ, ಸಮಯ ಎಷ್ಟೋ ಪಟ್ಟು. ಟಾಸ್ಕ್ ಮ್ಯಾನೇಜರ್ ಈ ಕಾಯುವಿಕೆಯನ್ನೂ ದುಡಿಮೆ ಎಂದೇ ಲೆಕ್ಕ ಹಾಕುತ್ತದೆ.

2020ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಎಂಐಟಿಯ ಸಂಶೋಧಕರು ಒಂದು ಲೆಕ್ಕ ಕೊಟ್ಟರು. 4096 ಸಾಲು, 4096 ಕಂಬಸಾಲಿನ ಎರಡು ಮಾತೃಕೆಗಳ (ಅಂಕಿಗಳ ಕೋಷ್ಟಕಗಳ) ಗುಣಾಕಾರ. ಪೈಥಾನ್ ಎಂಬ ಪ್ರೋಗ್ರಾಂ ಭಾಷೆಯಲ್ಲಿ ಏಳು ಗಂಟೆ. ಸಿ ಭಾಷೆಯಲ್ಲಿ ಒಂಬತ್ತು ನಿಮಿಷ. 18 ಕೋರ್‌ಗಳಿಗೆ ಹಂಚಿದಾಗ 70 ಸೆಕೆಂಡ್. ಅದೇ ಯಂತ್ರದಲ್ಲಿ, ಅಷ್ಟೇ ಕೋರ್‌ಗಳಲ್ಲಿ, ಲೆಕ್ಕವನ್ನು ಕ್ಯಾಶ್‌ಗೆ ಹೊಂದುವ ತುಂಡುಗಳಾಗಿ ಒಡೆದರು. ನಾಲ್ಕು ಸೆಕೆಂಡೂ ಹಿಡಿಯಲಿಲ್ಲ.